ಗಿಜೋ ಎಂಬ ಮಂತ್ರಿಯ ಮನೆವಾರ್ತೆ



ಚಾವಡಿಯಲ್ಲಿ ಹಿರಿಯರಾಡುವ ಮಾತನ್ನು ಊರೆಲ್ಲ ಕೇಳುತ್ತದೆ. ಆ ಹಿರಿಯರನ್ನು ಬೆಳೆಸಿದ ಮನೆಯೊಳಗಿನ ದುಡಿಮೆಯನ್ನು ಕಾಣುವವರು ಕೆಲವರೇ. ಫ್ರಾನ್ಸ್ ದೇಶದ ಮಂತ್ರಿಯಾಗಿದ್ದ ಫ್ರಾನ್ಸ್ವಾ ಗಿಜೋ ಎಂಬವನ ಮನೆವಾರ್ತೆಯಿಂದ ಇದನ್ನು ಕಲಿಯೋಣ.

೧. ತಾಯಿ. ಗಿಜೋ ೧೭೮೭ರಲ್ಲಿ ನೀಮ್ ಪಟ್ಟಣದ ಪ್ರೊಟೆಸ್ಟಂಟ್ ಮನೆತನದಲ್ಲಿ ಹುಟ್ಟಿದನು. ಅವನು ಆರು ವರುಷದವನಾಗಿದ್ದಾಗ, ರಾಜ್ಯಕ್ರಾಂತಿಯ ಕಾಲದಲ್ಲಿ, ೧೭೯೪ರ ಎಪ್ರಿಲ್ ೮ರಂದು ಅವನ ತಂದೆಗೆ ಮರಣದಂಡನೆಯಾಯಿತು. ವಿಧವೆಯಾದ ತಾಯಿಯು ಇಬ್ಬರು ಗಂಡುಮಕ್ಕಳನ್ನು ಕರಕೊಂಡು ಜಿನೇವಾ ಪಟ್ಟಣಕ್ಕೆ ಹೋಗಿ ಅವರಿಗೆ ವಿದ್ಯೆ ಕೊಡಿಸಿದಳು. ಓದಿನೊಡನೆ ಕೈಕಸಬೂ ಬೇಕೆಂದು ಈ ಮಗನಿಗೆ ಬಡಿಗತನವನ್ನು ಕಲಿಸಿದಳು. ಅವನು ಸ್ವಂತ ಕೈಯಿಂದ ಒಂದು ಮೇಜನ್ನು ಮಾಡಿದನು. ಮಗನು ಮಂತ್ರಿಯಾದ ಮೇಲೆಯೂ ಆಕೆ ಗಂಡನಿಗಾಗಿ ಧರಿಸಿದ ಶೋಕವಸ್ತ್ರವನ್ನು ಬಿಡದೆ, ದೊಡ್ಡವರ ನಡುವೆ ಸಾದಾ ಉಡುಪಿನಲ್ಲಿಯೇ ಕುಳಿತಿರುತ್ತಿದ್ದಳು.

೨. ಹೆಂಡತಿ. ಪೋಲೀನ್ ಎಂಬಾಕೆ ಪತ್ರಿಕೆಗೆ ಲೇಖನಗಳನ್ನು ಬರೆದು ಜೀವಿಸುತ್ತಿದ್ದಳು. ೧೮೦೭ರಲ್ಲಿ ಆಕೆ ರೋಗದಿಂದ ಮಲಗಿದಾಗ, ಯಾರೋ ಹೆಸರು ತಿಳಿಸದೆ ಆಕೆಗೆ ಬದಲಾಗಿ ಲೇಖನಗಳನ್ನು ಬರೆದು ಕಳುಹಿಸಿದರು. ಅವರು ಗಿಜೋ ಎಂದು ತರುವಾಯ ತಿಳಿಯಿತು. ಆಕೆ ಅವನಿಗಿಂತ ಹದಿನಾಲ್ಕು ವರುಷ ಹಿರಿಯಳಾಗಿದ್ದರೂ ೧೮೧೨ರಲ್ಲಿ ಅವರ ವಿವಾಹವಾಯಿತು. ಮಕ್ಕಳ ಶಿಕ್ಷಣವನ್ನು ಕುರಿತು ಆಕೆ ಪುಸ್ತಕಗಳನ್ನು ಬರೆದು, ೧೮೨೭ರಲ್ಲಿ ತೀರಿಹೋದಳು. ಮರುವರುಷ ಅವನು ಲಗ್ನವಾದ ಎಲೀಸಾ ಎಂಬಾಕೆಯೂ ೧೮೩೩ರಲ್ಲಿ ಮೂರು ಎಳೆಯ ಮಕ್ಕಳನ್ನು ಬಿಟ್ಟು ಮರಣ ಹೊಂದಿದಳು. ಆ ಕೂಸುಗಳನ್ನು ಸಾಕುವ ಭಾರವನ್ನು ಮುದಿತಾಯಿಯೇ ಹೊತ್ತಳು.

೩. ಕಾಯಿದೆ. ಅದೇ ವರುಷದ ಜೂನ್ ತಿಂಗಳಲ್ಲಿ, ವಿದ್ಯಾಮಂತ್ರಿಯಾಗಿದ್ದ ಗಿಜೋ, ಪ್ರತಿಯೊಂದು ಊರೂ ತಾನೇ ಆಗಲಿ ನೆರೆಯೂರಿನೊಡನೆ ಕೂಡಿಯಾಗಲಿ ಪ್ರಾಥಮಿಕ ಶಾಲೆಯನ್ನು ನಡೆಸತಕ್ಕದ್ದೆಂಬ ಕಾಯಿದೆಯನ್ನು ತಂದನು. ಇದು ದೊಡ್ಡ ಉಪಕಾರವೇ. ಆದರೆ ಹೆಣ್ಣುಮಕ್ಕಳ ಶಾಲೆಯನ್ನು ಅದು ಕಡ್ಡಾಯ ಮಾಡಲಿಲ್ಲ. ಹೆಂಗಸರ ವಿದ್ಯೆಯಿಂದಲೇ ಬೆಳೆದ ಮನೆಯ ಯಜಮಾನನು ತಂದ ಕಾಯಿದೆಯಲ್ಲಿಯೂ ಹೆಣ್ಣುಮಗುವು ಹೊರಗುಳಿಯಿತು.

೪. ಮಗಳು. ೧೮೪೮ರಲ್ಲಿ ಅಧಿಕಾರ ಹೋಗಿ ಗಿಜೋ ಲಂಡನ್ನಿಗೆ ಓಡಿಹೋದನು. ಎಂಭತ್ತು ದಾಟಿದ ತಾಯಿ ಹಿಂದೆಯೇ ಹೋಗಿ ಅಲ್ಲಿಯೇ ಮಣ್ಣಾದಳು. ಮುಪ್ಪಿನಲ್ಲಿ ಅವನು ಮೊಮ್ಮಕ್ಕಳಿಗೆಂದು ದೇಶದ ಚರಿತ್ರೆಯನ್ನು ಬರೆಯತೊಡಗಿದನು; ೧೮೭೪ರಲ್ಲಿ ಅವನು ಸತ್ತ ಮೇಲೆ ಮಗಳು ಹೆನ್ರಿಯೆಟ್ ಅದನ್ನು ಪೂರ್ತಿಮಾಡಿದಳು.

ಸಹೋದರ ಸಹೋದರಿಯರೇ, ಕೃಷ್ಣೆಯ ದಡದ ನಮ್ಮ ಜುಗೂಳದಲ್ಲಿಯೂ ಕಬ್ಬಿನ ಕಟಾವು ಬಂದಾಗ, ಕೂಸನ್ನು ನೋಡಿಕೊಳ್ಳಲು ಶಾಲೆ ಬಿಟ್ಟು ಮನೆಯಲ್ಲಿ ನಿಲ್ಲುವವರಾರು? ವಿಧವೆಯೊಬ್ಬಳು ಮಕ್ಕಳನ್ನು ಓದಿಸುವೆನೆಂದರೆ ನಾವು ಕೈಗೂಡಿಸುತ್ತೇವೋ, ಕೂಲಿಗೆ ಕಳುಹಿಸೆನ್ನುತ್ತೇವೋ? ಈ ಎರಡು ಪ್ರಶ್ನೆಗಳನ್ನು ಈ ವಾರ ಮನೆಮಂದಿಯೆಲ್ಲ ಕೂಡಿ, ಹೆಣ್ಣುಮಕ್ಕಳನ್ನೂ ಕುಳ್ಳಿರಿಸಿಕೊಂಡು, ವಿಚಾರಿಸಿರಿ.