ಹೊಂಡಕ್ಕೆ ಔಷಧಿ ಹಾಕುವ ಮುನ್ನ

ಮಗಾ, ಕೃಷಿಹೊಂಡಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟಿದ್ದೀಯ ಅಂತ ಕೇಳಿ ಸಂತೋಷವಾಯಿತು. ಆದರೆ ನಾಲ್ಕು ಮೀನಿನ ಮೈಮೇಲೆ ಕೆಂಪು ಕಲೆ ಕಂಡದ್ದೇ ತಡ, ಅಂಗಡಿಯಿಂದ ಆಂಟಿಬಯೋಟಿಕ್ ಪುಡಿ ತಂದು ಮೇವಿಗೆ ಬೆರೆಸಲು ಹೊರಟಿದ್ದೀಯಂತೆ. ಸ್ವಲ್ಪ ತಡೆ.

ಮೊದಲು ಬಂದಿರುವುದು ಏನೆಂದು ನೋಡು. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಬರುವ ಹುಣ್ಣಿನ ರೋಗವೊಂದಿದೆ, 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಿದ್ದು. ಅದರ ಮೂಲ ಅಫನೋಮೈಸಿಸ್ ಎಂಬ ಬೂಷ್ಟಿನಂಥ ಜೀವಿ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೆ ಅದು ಜಗ್ಗುವುದಿಲ್ಲ. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ಹೊಸ ನೀರು ಬಿಡು, ಪಂಪಿನಿಂದ ಚಿಮ್ಮಿಸು, ಅವತ್ತು ಮೇವು ಹಾಕಬೇಡ. ಹೊಟ್ಟೆ ನೀರು ತುಂಬಿ ಊದಿ, ಹುರುಪೆ ಎದ್ದು ನಿಂತು, ರೆಕ್ಕೆಯ ಬುಡ ಕೆಂಪಾಗಿದ್ದರೆ ಆಗ ಏರೋಮೋನಾಸ್ ಬ್ಯಾಕ್ಟೀರಿಯಾ ಇರಬಹುದೆಂದು ಅನುಮಾನಿಸಬೇಕು.

ಆಗಲೂ ಯೋಚಿಸು. ಕಾಯಿಲೆ ಮೀನು ಮೊದಲು ಬಿಡುವುದೇ ಮೇವನ್ನು. ಔಷಧಿ ಬೆರೆಸಿದ್ದೆಲ್ಲ ತಳದ ಕೆಸರಿಗೆ ಹೋಗುತ್ತದೆ. ತಿಂದ ಮೀನೂ ಬಹಳಷ್ಟನ್ನು ನೀರಿಗೇ ವಾಪಸು ಬಿಡುತ್ತದೆ. ಕೆಸರಿನಲ್ಲಿ ಅಷ್ಟಿಷ್ಟು ಔಷಧಿಯ ನಡುವೆ ಬದುಕುಳಿದ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದೆ ಬೆಳೆಯುತ್ತದೆ, ಆ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ನಾಳೆ ನಿನ್ನ ಮಗುವಿಗೆ ಬ್ಯಾಕ್ಟೀರಿಯಾದಿಂದ ಜ್ವರ ಬಂದಾಗ ಡಾಕ್ಟರು ಬರೆದುಕೊಡುವುದೂ ಇದೇ ಬಳಗದ ಔಷಧಿಯಾಗಿರಬಹುದು. ನನಗೆ ಹೆದರಿಕೆ ಇರುವುದು ಇಲ್ಲಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳನ್ನಂತೂ ಮೀನು ಸಾಕಣೆಯಲ್ಲಿ ಸರ್ಕಾರವೇ ನಿಷೇಧಿಸಿದೆ. ಹೆಸರಿಲ್ಲದ ಪುಡಿ ಯಾರು ಕೊಟ್ಟರೂ ಮುಟ್ಟಬೇಡ.

ಹಾಗಾದರೆ ಗಿಡಮೂಲಿಕೆ? ಅದರಲ್ಲಿ ನನಗೆ ನಂಬಿಕೆಯಿದೆ, ಆದರೆ ಅದರ ಕೆಲಸವೇ ಬೇರೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೋಹು ಮರಿಗಳಿಗೆ ಒಂದು ಕಿಲೋ ಮೇವಿಗೆ 1, 5, 10 ಗ್ರಾಂ ಲೆಕ್ಕದಲ್ಲಿ ಬೆಳ್ಳುಳ್ಳಿ ತಿನ್ನಿಸಿ, ಆಮೇಲೆ ಏರೋಮೋನಾಸ್ ಚುಚ್ಚಿ ನೋಡಿದರು. ಬೆಳ್ಳುಳ್ಳಿ ತಿಂದವು ಹೆಚ್ಚು ಬದುಕಿದವು. ಗಮನಿಸು, ಬೆಳ್ಳುಳ್ಳಿ ಮೊದಲು, ರೋಗ ಆಮೇಲೆ. ಅಮೃತಬಳ್ಳಿ, ತುಳಸಿಯ ಪ್ರಯೋಗಗಳಲ್ಲೂ ಕಂಡದ್ದು ಮೀನಿನ ರೋಗನಿರೋಧಕ ಶಕ್ತಿ ಏರಿದ್ದೇ. ಮೀನು ಸಾಯತೊಡಗಿದ ಮೇಲೆ ಕಷಾಯ ಸುರಿದರೆ ಏನೂ ಪ್ರಯೋಜನವಿಲ್ಲ.

ಬೆಳ್ಳುಳ್ಳಿಯನ್ನು ಇಡಿಯಾಗಿ ಬೇಯಿಸಬೇಡ. ಜಜ್ಜಿದಾಗ ಮಾತ್ರ ಅದರೊಳಗಿನ ಕಿಣ್ವ ಅಲಿಸಿನ್ ಎಂಬ ಘಾಟಿನ ವಸ್ತುವನ್ನು ಹುಟ್ಟಿಸುತ್ತದೆ, ಬಿಸಿ ತಗುಲಿದರೆ ಆ ಕಿಣ್ವ ಕೆಟ್ಟುಹೋಗುತ್ತದೆ. ಸಿಪ್ಪೆ ಸುಲಿದು ಜಜ್ಜಿ ಹತ್ತು ನಿಮಿಷ ಬಿಡು. ಘಾಟು ಮೂಗಿಗೆ ಹತ್ತಿದ ಮೇಲೆ ಆರಿದ ಅಕ್ಕಿ ಗಂಜಿಯಲ್ಲಿ ಕಲಸಿ, ತೌಡು ಮತ್ತು ಶೇಂಗಾ ಹಿಂಡಿಗೆ ಹಿಡಿಯುವಂತೆ ಸವರಿ, ನೆರಳಲ್ಲಿ ಒಣಗಿಸಿ ಅವತ್ತೇ ಹಾಕು.

ಗಿಡದ್ದು ಅಂದ ಮಾತ್ರಕ್ಕೆ ಕೈಗೆ ಬಂದಷ್ಟು ಹಾಕಬಾರದು. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹಳ್ಳದ ಗುಂಡಿಗೆ ಹಾಕಿ ಮೀನು ತೇಲಿಸುತ್ತಿದ್ದದ್ದು ನಿನಗೂ ಗೊತ್ತು, ಅದೂ ಗಿಡದ್ದೇ. ಬೇವಿನ ಕಷಾಯವೂ ಮಿತಿ ಮೀರಿದರೆ ಮೀನಿಗೆ ವಿಷ. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಸತ್ವ ಒಂದೇ ಇರುವುದಿಲ್ಲ. ಹೊಸದೇನಿದ್ದರೂ ತೊಟ್ಟಿಯಲ್ಲಿ ಹತ್ತು ಮರಿ ಬಿಟ್ಟು ಎರಡು ದಿನ ನೋಡಿ, ಆಮೇಲೆ ಹೊಂಡಕ್ಕೆ ತಾ. ಯಾವ ದಿನ ಎಷ್ಟು ಹಾಕಿದೆ, ಎಷ್ಟು ಸತ್ತವು, ಬರೆದಿಡು.

ಇಷ್ಟಾಗಿಯೂ ಸಾವು ನಿಲ್ಲದಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೋ ಮೀನುಗಾರಿಕೆ ಇಲಾಖೆಗೋ ಹೋಗು. ಔಷಧಿ ಬೇಕೇ ಬೇಕೆಂದು ಅವರು ಹೇಳಿದರೆ ಬರೆದುಕೊಟ್ಟಷ್ಟು ದಿನ ಪೂರ್ತಿ ಕೊಡು, ಆಮೇಲೆ ಅವರು ಹೇಳಿದ ಗಡುವು ಮುಗಿಯುವವರೆಗೆ ಮೀನು ಮಾರಬೇಡ. ಹೋಗುವಾಗ ಸತ್ತ ಮೀನು ಒಯ್ಯಬೇಡ, ಅದು ಕೊಳೆತರೆ ರೋಗದ ಗುರುತು ಸಿಗದು. ಜೀವವಿರುವ ಕಾಯಿಲೆ ಮೀನನ್ನೇ ಹೊಂಡದ ನೀರು ತುಂಬಿದ ಕೊಡದಲ್ಲಿ ಒಯ್ಯಿ, ಬೇರೆ ಬಾಟಲಿಯಲ್ಲಿ ಒಂದಿಷ್ಟು ನೀರನ್ನೂ.