ದಮ್ಮು ಹತ್ತಿದರೆ ಹೊಟ್ಟೆಯನ್ನೂ ನೋಡಿ

ರಾತ್ರಿಯಿಡೀ ನಿಂತು ಶ್ರೀಕೃಷ್ಣ ಪಾರಿಜಾತ ಹಾಡುವವರ ನಾಡು ನಮ್ಮದು. ಆ ಆಟ ಕಟ್ಟಿದ ಕುಲಗೋಡ ತಮ್ಮಣ್ಣನ ಊರಿನವರಿಗೆ ಉಸಿರಿನ ಬೆಲೆ ಬೇರೆ ಹೇಳಬೇಕೆ? ಆದರೂ ದಮ್ಮು ಹತ್ತಿತೆಂದರೆ ಎಲ್ಲರ ಕೈ ಎದೆಗೇ ಹೋಗುತ್ತದೆ, ಹೊಟ್ಟೆಯ ನೆನಪೇ ಬರುವುದಿಲ್ಲ.

ಎದೆ, ಹೊಟ್ಟೆಗಳ ನಡುವೆ ವಪೆ ಎಂಬ ತೆಳು ಸ್ನಾಯುವಿದೆ. ಉಸಿರೆಳೆದಾಗ ಅದು ಕೆಳಗಿಳಿದರೇ ಶ್ವಾಸಕೋಶ ಪೂರ್ತಿ ಅರಳುವುದು. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದರೆ ವಪೆಗೆ ಇಳಿಯಲು ಜಾಗವೆಲ್ಲಿ? ಧೋತರ ಸೊಂಟಕ್ಕೆ ಸಾಲುವುದಿಲ್ಲ, ಕಾಲು ಬಾತಿರುತ್ತವೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ‘ಉಂಡದ್ದು ಮೈಗೆ ಹತ್ತೇತಿ’ ಎಂದು ನಗುವವರು ಸೊರಗಿದ ತೋಳು ನೋಡಿರುವುದಿಲ್ಲ. ಹೃದಯ, ಮೂತ್ರಪಿಂಡ ಕೆಟ್ಟರೂ ಹೀಗಾಗಬಹುದು. ಸ್ಕ್ಯಾನಿಂಗ್‌ನಲ್ಲಿ ನೀರು ಕಾಣುತ್ತದೆ. ಸೂಜಿ ಹಾಕಿ ತೆಗೆಸಿದರೆ ಹಗುರಾಗುತ್ತದೆ, ನಿಜ. ಮೂಲ ಕಾಯಿಲೆಗೆ ಔಷಧವಾಗದಿದ್ದರೆ ಮತ್ತೆ ತುಂಬುತ್ತದೆ. ಸೆರೆ ಪೂರ್ತಿ ಬಂದ್, ಉಪ್ಪು ಕಡಿಮೆ. ಉಪ್ಪಿನಕಾಯಿ, ಹಪ್ಪಳವೂ ಲೆಕ್ಕಕ್ಕೆ ಬರುತ್ತವೆ!

ಹುಳಿತೇಗು ಗಂಟಲಿಗೆ ಬಂದು ರಾತ್ರಿ ಕೆಮ್ಮು, ಉಬ್ಬಸ ಬರುವವರ ಕಥೆ ಬೇರೆ. ಅವರು ಉಂಡು ಮೂರು ತಾಸು ಬಿಟ್ಟು ಮಲಗಲಿ, ತಲೆಕಡೆಯ ಮಂಚದ ಕಾಲಿಗೆ ಇಟ್ಟಿಗೆ ಕೊಡಲಿ. ಪಕ್ಕದ ಮನೆಯವರ ಉಬ್ಬಸದ ಪಂಪು (ಇನ್ಹೇಲರ್) ಮಾತ್ರ ಎರವಲು ತರಬೇಡಿ.

ದಮ್ಮಿನ ಜೊತೆ ಎದೆನೋವು, ತುಟಿ ನೀಲಿಯಾಗುವುದು, ರಕ್ತವಾಂತಿ, ಜ್ವರದೊಡನೆ ಹೊಟ್ಟೆನೋವು, ಮಾತು ತೊದಲುವುದು ಕಂಡರೆ ಬೆಳಗಿನ ಗೋಕಾಕ ಬಸ್ಸಿಗೆ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಹಚ್ಚಿ.