ಹಳೆಯ ಸಾಲದ ರಾಜಿ ತೀರುವಳಿ: ಕೃಷಿಕರು ತಿಳಿದಿರಬೇಕಾದ ಕೆಲವು ವಿಷಯಗಳು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ಅಡಿಕೆ ಬೆಳೆಗಾರರ ಕೈಗೆ ದೊಡ್ಡ ಮೊಬಲಗು ಬರುವುದು ವರ್ಷಕ್ಕೊಮ್ಮೆ, ಅಡಿಕೆ ಸುಲಿದು ಮಾರಿದ ಮೇಲೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇದ್ದದ್ದೇ. ಮಳೆಗಾಲದಲ್ಲಿ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ, ಮರ ಹತ್ತುವವರ ಮಜೂರಿ, ಜೂನ್ ತಿಂಗಳಲ್ಲಿ ಮಕ್ಕಳ ಶಾಲೆ, ಆಟಿಯಲ್ಲಿ ಮನೆಖರ್ಚು. ಒಂದು ವರ್ಷ ಕೊಳೆರೋಗ ಬಂದು ಎಳೆಕಾಯಿ ಉದುರಿದರೆ ಆ ವರ್ಷದ ಕಂತು ತಪ್ಪುತ್ತದೆ. ತಪ್ಪಿದ ಕಂತಿಗೆ ಬಡ್ಡಿ, ಆ ಬಡ್ಡಿಗೆ ಮತ್ತೆ ಬಡ್ಡಿ ಸೇರಿ ಐದಾರು ವರ್ಷಗಳಲ್ಲಿ ಸಾಲವು ತೋಟದ ಒಂದು ಫಸಲಿನಿಂದ ತೀರದಷ್ಟು ಬೆಳೆಯುತ್ತದೆ. ಅಂತಹ ಸಾಲವನ್ನು ಸಾಲಿಗರೊಡನೆ ಮಾತನಾಡಿ ಕಡಿಮೆ ಮೊತ್ತಕ್ಕೆ ತೀರಿಸಿಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ರಿಯಾಯಿತಿ ಕೇಳುವುದು ಮರ್ಯಾದೆಗೆ ಕಡಿಮೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಇದು ಸರಿಯಲ್ಲ. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 63ನೆಯ ಕಲಮೇ ಇದಕ್ಕೆ ಆಧಾರ. ಸಾಲಿಗನು ತನಗೆ ಬರಬೇಕಾದುದರಲ್ಲಿ ಸ್ವಲ್ಪವನ್ನಾಗಲಿ ಪೂರ್ತಿಯನ್ನಾಗಲಿ ಬಿಟ್ಟುಕೊಡಬಹುದು ಎಂದು ಅದು ಹೇಳುತ್ತದೆ. ಅಲ್ಲಿ ಕೊಟ್ಟಿರುವ ಒಂದು ಉದಾಹರಣೆಯಲ್ಲಿ 5,000 ರೂಪಾಯಿಯ ಸಾಲಕ್ಕೆ 2,000 ರೂಪಾಯಿಯನ್ನು ಪೂರ್ಣ ತೃಪ್ತಿಯಾಗಿ ಸ್ವೀಕರಿಸಿದರೆ ಇಡೀ ಸಾಲ ತೀರಿತೆಂದೇ ಲೆಕ್ಕ. ಇಂಗ್ಲೆಂಡಿನ ಹಳೆಯ ನ್ಯಾಯದಲ್ಲಿ ಹೀಗಿರಲಿಲ್ಲ. ಕಡಿಮೆ ಹಣ ಪಡೆದವನು ಉಳಿದುದಕ್ಕೆ ಮತ್ತೆ ದಾವೆ ಹೂಡಬಹುದಾಗಿತ್ತು. ಈ ವಿಷಯದಲ್ಲಿ ನಮ್ಮ ಕಾಯಿದೆ ಸಾಲಗಾರನಿಗೆ ಹೆಚ್ಚು ಅನುಕೂಲವಾಗಿದೆ.

ಅಜ್ಜಂದಿರ ಕಾಲದ ಒಂದು ಕಾಯಿದೆ

ಈ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. 1930ರ ನಂತರದ ಆರ್ಥಿಕ ಕುಸಿತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಬಿದ್ದು, ಸಾಲದ ಮೊತ್ತ ಮಾತ್ರ ಹಾಗೆಯೇ ಉಳಿದಾಗ, ರಾಜಾಜಿಯವರ ಮಂತ್ರಿಮಂಡಲ 1938ರಲ್ಲಿ ಮದ್ರಾಸ್ ಕೃಷಿಕರ ಪರಿಹಾರ ಕಾಯಿದೆಯನ್ನು ತಂದಿತು. 1932ರ ಅಕ್ಟೋಬರ್ 1ಕ್ಕೆ ಮೊದಲು ಮಾಡಿದ ಸಾಲಗಳಲ್ಲಿ 1937ರ ಅಕ್ಟೋಬರ್ 1ರಂದು ಬಾಕಿ ಇದ್ದ ಬಡ್ಡಿಯೆಲ್ಲ ರದ್ದಾಯಿತು. ಅಸಲು ಮಾತ್ರ ಕೊಡಬೇಕು. ಅಸಲು ಬಡ್ಡಿ ಎರಡೂ ಸೇರಿ ಅಸಲಿನ ಎರಡು ಪಟ್ಟು ಈಗಾಗಲೇ ಸಂದಾಯವಾಗಿದ್ದರೆ ಸಾಲವೇ ತೀರಿದಂತೆ. ಅನಂತರದ ಸಾಲಗಳಿಗೆ ನೂರಕ್ಕೆ 5ರಂತೆ ಬಡ್ಡಿಯನ್ನು ಹೊಸದಾಗಿ ಲೆಕ್ಕ ಹಾಕಬೇಕಾಗಿತ್ತು.

ಆ ಕಾಯಿದೆಯಿಂದ ಇಂದು ಯಾರಿಗೂ ಪರಿಹಾರ ಸಿಗದು. ಆದರೆ ಅದು ಹಾಕಿಕೊಟ್ಟ ಲೆಕ್ಕದ ಕ್ರಮ ಈಗಲೂ ಒಳ್ಳೆಯದು: ಅಸಲು ಎಷ್ಟು, ಬಡ್ಡಿ ಎಷ್ಟು, ಈವರೆಗೆ ಕೊಟ್ಟದ್ದೆಷ್ಟು, ಇವು ಮೂರನ್ನೂ ಬೇರೆ ಬೇರೆ ಬರೆದು ನೋಡುವುದು. ಅನಂತರ 1976ರ ಕರ್ನಾಟಕ ಋಣ ಪರಿಹಾರ ಕಾಯಿದೆ ಬಂತು. 2008ರ ಕೇಂದ್ರ ಸರಕಾರದ ಯೋಜನೆಯಲ್ಲಿ ಸಣ್ಣ, ಅತಿಸಣ್ಣ ರೈತರ ಬ್ಯಾಂಕ್ ಬಾಕಿ ಪೂರ್ತಿ ಮನ್ನಾ ಆಯಿತು. ಉಳಿದವರು ನೂರಕ್ಕೆ 75 ಕಟ್ಟಿದರೆ 25 ಬಿಡಲಾಯಿತು. ಖಾಸಗಿ ಲೇವಾದೇವಿಗಾರರ ಸಾಲಕ್ಕಾಗಿ 2019ರಲ್ಲಿ ಇನ್ನೊಂದು ಋಣ ಪರಿಹಾರ ಕಾಯಿದೆ ಜಾರಿಯಾಯಿತು. ಇವೆಲ್ಲವೂ ಒಮ್ಮೆ ಬಂದು ಗಡುವು ಮುಗಿದು ಹೋದವು. ಮುಂದಿನ ಮನ್ನಾ ಬರಲೆಂದು ನಾಲ್ಕು ವರ್ಷ ಕಾಯ್ದವರ ಬಡ್ಡಿ ಆ ನಾಲ್ಕು ವರ್ಷವೂ ಏರಿದೆ. ಘೋಷಣೆಯಾದರೆ ಬಳಸಿಕೊಳ್ಳಿರಿ; ಅದನ್ನು ನಂಬಿ ಲೆಕ್ಕ ಮಾಡದೆ ಕೂರಬೇಡಿರಿ.

ಲೆಕ್ಕ ಮಾಡುವ ಕ್ರಮ

ಒಬ್ಬ ಕೃಷಿಕರು ಪರಿಚಿತರಿಂದ 50,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರಂತೆ, ಅಂದರೆ ವರ್ಷಕ್ಕೆ ನೂರಕ್ಕೆ 36ರಂತೆ, ತಂದಿದ್ದಾರೆಂದು ಇಟ್ಟುಕೊಳ್ಳೋಣ. ಆರು ವರ್ಷ ಕಳೆದಿದೆ. ವರ್ಷ ವರ್ಷವೂ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ ಕೊಡಬೇಕಾದದ್ದು ಸುಮಾರು 3,16,000 ರೂಪಾಯಿ. ಅದೇ ದರದಲ್ಲಿ ಸರಳ ಬಡ್ಡಿಯಾದರೆ 1,58,000. ಪರವಾನಗಿ ಪಡೆದ ಲೇವಾದೇವಿಗಾರರಿಗೆ ರಾಜ್ಯದಲ್ಲಿ ನಿಗದಿಯಾದ ಮಿತಿಯಂತೆ, ಅಂದರೆ ಭದ್ರತೆ ಇಲ್ಲದ ಸಾಲಕ್ಕೆ ನೂರಕ್ಕೆ 16ರಂತೆ, ಲೆಕ್ಕ ಹಾಕಿದರೆ 98,000. (ಭದ್ರತೆ ಇರುವ ಸಾಲಕ್ಕೆ ಮಿತಿ 14.) ಮಧ್ಯೆ 30,000 ಕೊಟ್ಟಿದ್ದರೆ ಅದನ್ನೂ ಕಳೆಯಬೇಕು, ಆಗ ಉಳಿಯುವುದು 68,000ದ ಆಸುಪಾಸು.

ಸಾಲ ಒಂದೇ, ಲೆಕ್ಕ ಮೂರು. ಮಾತುಕತೆ ನಡೆಯುವುದು ಈ ಅಂಕಿಗಳ ನಡುವೆ. ಲೆಕ್ಕವಿಲ್ಲದೆ ಹೋದವರು ಸಾಲಿಗ ಹೇಳಿದ ದೊಡ್ಡ ಅಂಕಿಯಿಂದಲೇ ಚೌಕಾಶಿ ಪ್ರಾರಂಭಿಸುತ್ತಾರೆ. ಮೂರು ಲಕ್ಷದಲ್ಲಿ ಒಂದು ಲಕ್ಷ ಬಿಟ್ಟರೆಂದು ಸಂತೋಷಪಟ್ಟು ಎರಡು ಲಕ್ಷ ಕೊಟ್ಟು ಬರುತ್ತಾರೆ. ಮಿತಿ ಮೀರಿದ ಬಡ್ಡಿ ವಸೂಲಿಯನ್ನು ತಡೆಯಲು 2004ರ ಕಾಯಿದೆಯೊಂದಿದೆ. ಕಿರುಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು 2025ರಲ್ಲಿ ಪ್ರತ್ಯೇಕ ಕಾನೂನು ಆಗಿದೆ. ಮನೆಬಾಗಿಲಲ್ಲಿ ಬೆದರಿಸುವವರಿದ್ದರೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬಾರದು.

ಬ್ಯಾಂಕು ಮತ್ತು ಸಂಘದ ಸಾಲವಾದರೆ ಮೊದಲ ದಿನದಿಂದ ಇಂದಿನವರೆಗಿನ ಖಾತೆಯ ನಕಲನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಎರಡು ವಿಷಯಗಳನ್ನು ನೋಡಿಕೊಳ್ಳಿರಿ. ಬೆಳೆಸಾಲಕ್ಕೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಬಾರದು. ರೈತನ ಆದಾಯ ಫಸಲಿನೊಡನೆ ಬರುವುದರಿಂದ ಬಡ್ಡಿ ಸೇರಿಸುವುದೂ ಅದಕ್ಕೆ ಹೊಂದಿಕೊಂಡು ವರ್ಷಕ್ಕೊಮ್ಮೆ ಆಗಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿದೆ. ಎರಡನೆಯದಾಗಿ, ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲಗಳಲ್ಲಿ ಒಟ್ಟು ಬಡ್ಡಿಯು ಅಸಲನ್ನು ಮೀರಬಾರದೆಂಬುದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನ. ಖಾತೆಯಲ್ಲಿ ಇದು ತಪ್ಪಿದ್ದರೆ ಸೌಜನ್ಯದಿಂದ ತೋರಿಸಿರಿ. ರಿಯಾಯಿತಿಗೆ ಮುಂಚೆ ಲೆಕ್ಕವೇ ಇಳಿಯಬಹುದು.

ಸಾಲಿಗನ ಕೈಯಲ್ಲಿ ಏನಿದೆ?

ಸಾಲಿಗ ಎಷ್ಟು ಬಿಡುತ್ತಾನೆ ಎಂಬುದು ಅವನ ಉದಾರತೆಗಿಂತ ಹೆಚ್ಚಾಗಿ ಅವನ ಕೈಯಲ್ಲಿರುವ ಭದ್ರತೆಯನ್ನು ಅವಲಂಬಿಸಿದೆ. ಚಿನ್ನ ಅಡವಿಟ್ಟ ಸಾಲದಲ್ಲಿ ರಿಯಾಯಿತಿ ನಿರೀಕ್ಷಿಸಬೇಡಿರಿ; ಚಿನ್ನ ಅವರ ಪೆಟ್ಟಿಗೆಯಲ್ಲಿಯೇ ಇದೆ. ಭೂಮಿಯ ಅಡವಿನ ಹಣಕ್ಕೆ ದಾವೆ ಹೂಡಲು 12 ವರ್ಷ ಕಾಲಾವಕಾಶವಿದೆ. ಆದರೆ 2002ರ ಸರ್ಫೇಸಿ ಕಾಯಿದೆಯಂತೆ ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳುವ ಅಧಿಕಾರ ಕೃಷಿಭೂಮಿಯ ಮೇಲೆ ಬ್ಯಾಂಕಿಗಿಲ್ಲ. ಹಾಗೆಂದು ನಿಶ್ಚಿಂತರಾಗಿರಲೂ ಆಗದು. ಸಹಕಾರಿ ಸಂಘ 70ನೆಯ ಕಲಮಿನ ದಾವೆ ಹೂಡಬಹುದು, ಬ್ಯಾಂಕು ಬೇರೆ ಕಾಯಿದೆಗಳಿಂದ ವಸೂಲಿಗೆ ಹೊರಡಬಹುದು. ಪ್ರೋನೋಟಿನ ಕೈಸಾಲಕ್ಕೆ ದಾವೆಯ ಅವಧಿ 3 ವರ್ಷ. ಕೈಸಾಲದ ಡಿಕ್ರಿಯಾದರೂ ಸ್ವತಃ ಬೇಸಾಯ ಮಾಡುವವನ ವಾಸದ ಮನೆ, ಉಳುಮೆಯ ದನ, ಉಪಕರಣ, ಬಿತ್ತನೆ ಬೀಜ ಇವುಗಳನ್ನು ಜಪ್ತಿ ಮಾಡುವಂತಿಲ್ಲ.

ಈ ಮೂರು ವರ್ಷದ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯನ್ನು ಹೇಳಬೇಕು. ನನ್ನ ತಂದೆಯವರು ಒಬ್ಬ ವ್ಯಾಪಾರಿಯ ಹಳೆಯ ಪ್ರೋನೋಟಿನ ಬಾಬ್ತು ಊರ ಹಿರಿಯರೊಬ್ಬರ ಎದುರಿನಲ್ಲಿ ಮಾತನಾಡಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಣವನ್ನು ಒಂದೇ ಗಂಟಿನಲ್ಲಿ ಕೊಟ್ಟು, ಲೆಕ್ಕ ಮುಗಿಯಿತೆಂದು ಬಂದರು. ನೋಟು ಪೇಟೆಯ ಮನೆಯಲ್ಲಿದೆ, ಮತ್ತೆ ಕೊಡುತ್ತೇನೆ ಎಂದಿದ್ದರು. ಕೊಡುವ ಮೊದಲೇ ವ್ಯಾಪಾರಿ ತೀರಿಹೋದರು. ಎರಡು ವರ್ಷದ ನಂತರ ಅವರ ಮಕ್ಕಳು ವಕೀಲರ ನೋಟೀಸು ಕಳುಹಿಸಿದರು. ಹಣ ಕೊಟ್ಟ ದಿನ ವ್ಯಾಪಾರಿಯು ಒಂದು ಸಾಲು ಬರೆದು ತಂದೆಯವರ ಸಹಿ ಪಡೆದಿದ್ದರಂತೆ: ಇಂತಿಷ್ಟು ‘ಬಾಬ್ತಿಗೆ ಸಂದಾಯ’. ಪೂರ್ಣ ತೀರುವಳಿ ಎಂಬ ಮಾತು ಅದರಲ್ಲಿರಲಿಲ್ಲ. ಸಾಲ ತೀರಿಸಲೆಂದು ಕೊಟ್ಟ ಹಣವೇ, ಕಾನೂನಿನ ಕಣ್ಣಿನಲ್ಲಿ ಭಾಗಶಃ ಪಾವತಿಯಾಗಿ, ಸಾಲಕ್ಕೆ ಇನ್ನು ಮೂರು ವರ್ಷ ಆಯುಷ್ಯ ಕೊಟ್ಟಿತ್ತು. ಸಾಕ್ಷಿಯಾಗಿದ್ದ ಹಿರಿಯರು ಬದುಕಿದ್ದುದರಿಂದ ಹೇಗೋ ಮತ್ತೊಂದು ರಾಜಿಯಾಯಿತು. ಆ ವರ್ಷದ ಅಡಿಕೆ ಅದಕ್ಕೇ ಹೋಯಿತು.

1963ರ ಕಾಲಮಿತಿ ಕಾಯಿದೆಯ 18 ಮತ್ತು 19ನೆಯ ಕಲಮುಗಳು ಹೇಳುವುದು ಇದನ್ನೇ. ಅವಧಿ ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ ಅಥವಾ ಸ್ವಲ್ಪ ಹಣ ಕೊಟ್ಟು ಅದಕ್ಕೆ ಸಹಿ ಹಾಕಿದರೆ ಅಂದಿನಿಂದ ಹೊಸ ಅವಧಿ ಪ್ರಾರಂಭ. ಅವಧಿ ಮುಗಿದ ಸಾಲವನ್ನೂ ಕೊಡುತ್ತೇನೆಂದು ಬರೆದುಕೊಟ್ಟರೆ ಅದು ಹೊಸ ಕರಾರಾಗುತ್ತದೆ. ಅವಧಿ ಮುಗಿದ ಮಾತ್ರಕ್ಕೆ ಕೊಟ್ಟವನ ಋಣ ಹರಿಯಿತೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಮಾತುಕತೆಯ ನಡುವೆ ಮುಂದಿಟ್ಟ ಯಾವ ಕಾಗದಕ್ಕೂ ಓದದೆ, ಓದಿಸದೆ ಸಹಿ ಮಾಡಬಾರದು.

ಮಾತುಕತೆ

ಅಡಿಕೆ ಮಾರಿದ ಮೇಲೆ, ಪತ್ತನಾಜೆಗೆ ಮೊದಲು ಹೋಗುವುದು ಉತ್ತಮ. ಕೈಯಲ್ಲಿ ಹಣವಿರುವವನ ಮಾತಿಗೆ ತೂಕವಿದೆ. ‘ಈ ತಿಂಗಳೊಳಗೆ ಇಷ್ಟು ಕಟ್ಟುತ್ತೇನೆ’ ಎಂಬುದಕ್ಕೂ ‘ಮುಂದೆ ನೋಡೋಣ’ ಎಂಬುದಕ್ಕೂ ಬಹಳ ಅಂತರ. ಒಂದು ಸಾಲ ತೀರಿಸಲು ಹೆಚ್ಚಿನ ಬಡ್ಡಿಯ ಇನ್ನೊಂದು ಸಾಲ ತರುವುದು ಮಾತ್ರ ಬೇಡ. ಕಟ್ಟಲು ಸಾಧ್ಯವಿರುವ ಮೊತ್ತಕ್ಕಿಂತ ಸ್ವಲ್ಪ ಕಡಿಮೆಯಿಂದ ಮಾತು ಪ್ರಾರಂಭಿಸಿರಿ. ಬೆಳೆ ನಷ್ಟ, ಮನೆಯಲ್ಲಿ ಕಾಯಿಲೆ ಮುಂತಾದ ನಿಜ ಕಾರಣಗಳಿದ್ದರೆ ದಾಖಲೆ ಸಹಿತ ತಿಳಿಸಿರಿ.

ಬ್ಯಾಂಕಿನಲ್ಲಿ ಬಾಯಿಮಾತು ಸಾಲದು; ಮ್ಯಾನೇಜರರಿಗೆ ಬರೆದ ಅರ್ಜಿಯ ನಕಲಿಗೆ ಮೊಹರು ಹಾಕಿಸಿಕೊಳ್ಳಬೇಕು. 2023ರ ಜೂನ್ 8ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ರಾಜಿ ತೀರುವಳಿಗೆ ಪ್ರತಿ ಬ್ಯಾಂಕಿನ ಆಡಳಿತ ಮಂಡಳಿಯೂ ಒಪ್ಪಿದ ನೀತಿಯೊಂದು ಇರಬೇಕೆಂದು ವಿಧಿಸಿದೆ. ಆದರೆ ರಾಜಿಯು ಸಾಲಗಾರನ ಹಕ್ಕಲ್ಲ. ಕೊಡಲೇಬೇಕೆಂದು ಕೋರ್ಟಿನಿಂದ ಆಜ್ಞೆ ತರಲಾಗದೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಜಗಳಕ್ಕಿಂತ ಲೆಕ್ಕ ಮತ್ತು ನಗದು ಹೆಚ್ಚು ಕೆಲಸ ಮಾಡುತ್ತವೆ. ಮತ್ತೆ ಬೆಳೆಸಾಲ ಯಾವಾಗ ಸಿಗುವುದೆಂದು ಮೊದಲೇ ಕೇಳಿರಿ. ಕೃಷಿಯೇತರ ಸಾಲಗಳಲ್ಲಿ ರಾಜಿಯ ನಂತರ ಕನಿಷ್ಠ 12 ತಿಂಗಳು ಅದೇ ಬ್ಯಾಂಕು ಹೊಸ ಸಾಲ ಕೊಡುವಂತಿಲ್ಲ. ಕೃಷಿ ಸಾಲಕ್ಕೆ ಆಯಾ ಬ್ಯಾಂಕಿನ ನೀತಿಯಂತೆ. ಸಿಬಿಲ್ ದಾಖಲೆಯಲ್ಲಿಯೂ ‘ಸೆಟಲ್ಡ್’ ಎಂಬ ಗುರುತು ಬೀಳುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದಿನ ವರ್ಷವೇ ಮಗಳ ಓದಿಗೆ ಸಾಲ ಬೇಕಾಗಿದ್ದರೆ ಇದನ್ನು ತೂಗಿ ನೋಡಬೇಕು.

ಹಳೆಯ ಪಾಸುಪುಸ್ತಕದ ಬ್ಯಾಂಕಿನ ಹೆಸರು ಈಗಿಲ್ಲದಿದ್ದರೆ ಗಾಬರಿ ಬೇಡ. ಈ ಜಿಲ್ಲೆಗಳಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾಕ್ಕೆ, ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಾಲದ ಕಡತವೂ ಜೊತೆಗೇ ಹೋಗಿದೆ.

ಸಹಕಾರಿ ಸಂಘಗಳಲ್ಲಿ ರಿಯಾಯಿತಿ ಸಾಮಾನ್ಯವಾಗಿ ಸರಕಾರದ ಆದೇಶದಿಂದ ಬರುತ್ತದೆ. ಮಧ್ಯಮಾವಧಿ ಮತ್ತು ದೀರ್ಘಾವಧಿ ಕೃಷಿ ಸಾಲದ ಸುಸ್ತಿದಾರರು ಅಸಲು ಕಟ್ಟಿದರೆ ಬಡ್ಡಿ ಮನ್ನಾ ಎಂದು ರಾಜ್ಯ ಸರಕಾರ 2023ರ ಕೊನೆಗೆ ಘೋಷಿಸಿ 2024ರ ಫೆಬ್ರವರಿ ಅಂತ್ಯದ ಗಡುವು ಕೊಟ್ಟಿತ್ತು. ಇಂತಹ ಗಡುವುಗಳು ಎರಡು ಮೂರು ತಿಂಗಳಷ್ಟೇ ಇರುವುದರಿಂದ ಸಂಘದ ಕಾರ್ಯದರ್ಶಿಯವರನ್ನು ಆಗಾಗ ವಿಚಾರಿಸುತ್ತಿರಬೇಕು. ಸ್ವಸಹಾಯ ಗುಂಪಿನ ಸಾಲದಲ್ಲಿ ಒಬ್ಬರೇ ರಾಜಿ ಮಾಡಿಕೊಂಡರೆ ಉಳಿದವರ ಮೇಲೆ ಹೊರೆ ಬೀಳುವುದರಿಂದ ಮೊದಲು ಗುಂಪಿನ ಸಭೆಯಲ್ಲಿ ಮಾತಾಡಿರಿ.

ದಾವೆ ಹೂಡಿಯಾಗಿದ್ದರೆ ಲೋಕ ಅದಾಲತ್ತು ಒಳ್ಳೆಯ ಜಾಗ. 1987ರ ಕಾಯಿದೆಯಂತೆ ಅಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಅಪೀಲಿಲ್ಲ, ಕಟ್ಟಿದ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ. ಅಪೀಲಿಲ್ಲದ ಕಾರಣ ಕಟ್ಟಲಾಗದ ಕಂತಿಗೆ ಅಲ್ಲಿ ಒಪ್ಪಬಾರದು.

ಕಾಗದಪತ್ರ

ಹಣ ಕಟ್ಟುವ ಮೊದಲು ರಾಜಿಪತ್ರ ಕೈಯಲ್ಲಿರಬೇಕು. ಅದರಲ್ಲಿ ಸಾಲದ ಖಾತೆಯ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟಬೇಕಾದ ತಾರೀಕು, ಹಾಗೂ ಈ ಮೊತ್ತವು ‘ಪೂರ್ಣ ಮತ್ತು ಅಂತಿಮ ತೀರುವಳಿ’ ಎಂಬ ಮಾತು ಇರಬೇಕು. ಜಂಟಿ ಸಾಲಗಾರರ ಮತ್ತು ಜಾಮೀನುದಾರರ ಹೆಸರು ಬರೆಯಿಸಿ, ಅವರ ಹೊಣೆಯೂ ಮುಗಿಯಿತೆಂದು ಸೇರಿಸಬೇಕು. ಒಬ್ಬ ಜಂಟಿ ಸಾಲಗಾರನನ್ನು ಬಿಟ್ಟ ಮಾತ್ರಕ್ಕೆ ಇನ್ನೊಬ್ಬನು ಬಿಡುಗಡೆಯಾಗುವುದಿಲ್ಲ. ಗಡುವು ತಪ್ಪಿದರೆ ರಾಜಿ ರದ್ದಾಗಿ ಹಳೆಯ ಬಾಕಿ ಪೂರ್ತಿ ಎದ್ದುನಿಲ್ಲುವುದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ, ಕೈಸಾಲವಾದರೂ ಸರಿ. ಪ್ರೋನೋಟು, ಖಾಲಿ ಚೆಕ್ಕು, ಮುದ್ರಾಂಕ ಕಾಗದಗಳನ್ನು ಅದೇ ದಿನ ಹಿಂದಕ್ಕೆ ಪಡೆಯಬೇಕು. ನಾಳೆ ಕೊಡುತ್ತೇನೆಂದರೆ ಹಣವನ್ನೂ ನಾಳೆಯೇ ಕೊಡಿರಿ.

ಸಾಲ ಮಾಡಿದವರು ತೀರಿಕೊಂಡಿದ್ದರೆ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ತಮ್ಮ ಸ್ವಂತ ಹೆಸರಿನಲ್ಲಿ ಹೊಸ ಪತ್ರ ಬರೆದುಕೊಟ್ಟು ಅದನ್ನು ಹೆಚ್ಚಿಸಿಕೊಳ್ಳಬಾರದು.

ಬ್ಯಾಂಕಿನಿಂದ ಬಾಕಿ ಇಲ್ಲದ ಪತ್ರ ಮತ್ತು ಅಡವಿನ ಬಿಡುಗಡೆ ಪತ್ರ ಬಂದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಪಹಣಿಯ 11ನೆಯ ಕಲಮಿನಲ್ಲಿ ಆ ಸಾಲದ ಋಣ ದಾಖಲಾಗಿರುತ್ತದೆ. ಅದು ತಾನಾಗಿ ಅಳಿಯುವುದಿಲ್ಲ. ಬಿಡುಗಡೆ ಪತ್ರವನ್ನು ಸಬ್‌ರಿಜಿಸ್ಟ್ರಾರರ ಕಛೇರಿಗೂ ತಾಲೂಕು ಕಛೇರಿಗೂ ಮುಟ್ಟಿಸಿ, ಒಂದೆರಡು ತಿಂಗಳಲ್ಲಿ ಹೊಸ ಪಹಣಿ ಮತ್ತು ಋಣಭಾರ ಪತ್ರವನ್ನು ತೆಗೆದು ನೋಡಿಕೊಳ್ಳಬೇಕು. ಹಳೆಯ ನಮೂದು ಇನ್ನೂ ಇದ್ದರೆ ಅರ್ಜಿಯ ನಕಲಿನೊಡನೆ ಮತ್ತೆ ಹೋಗಿರಿ.